ಡೀಸೆಲ್ ಲೆಕ್ಕ ಹಾಕಿ ಹುಡುಕಿದ ಲಾರಿ ಸ್ಕೂಲು

ನಾನು ಹೋಗಿ ನೋಡಿದ ಮೊದಲನೇ ಡ್ರೈವಿಂಗ್ ಸ್ಕೂಲಿನ ಲಾರಿಗೆ ಹೀರೇಬಳ್ಳಿ ಹಬ್ಬಿತ್ತು. ಸುಳ್ಳಲ್ಲ. ಬಂಪರ್ ಹಿಡಿದು ಮೇಲೆ ಹತ್ತಿ, ಎಡಗಡೆ ಕನ್ನಡಿಗೆ ಸುತ್ತಿಕೊಂಡು, ಕ್ಯಾಬಿನ್ ಮೇಲೆ ಎರಡು ಹಳದಿ ಹೂವು ಬಿಟ್ಟಿತ್ತು. ಒಳಗೆ ಹೋಗಿ 'ಹೆವಿ ಕಲಿಸ್ತೀರಾ' ಅಂತ ಕೇಳಿದೆ. ಹೆವಿ ಅಂದರೆ ಲಾರಿ, ಬಸ್ಸಿನಂಥ ದೊಡ್ಡ ಗಾಡಿ. 'ಕಲಿಸ್ತೀವಿ ಸಾರ್, ಬನ್ನಿ ಕೂತ್ಕೊಳ್ಳಿ' ಅಂದರು. ನಾನು ಕೂತುಕೊಂಡೆ. ಕಿಟಕಿಯಿಂದ ಹೀರೇಕಾಯಿಯೂ ಒಂದು ಕಾಣುತ್ತಿತ್ತು.

ನಾನು ಹಾಸನದವನು. 14 ವರ್ಷ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಜಾತ್ರೆಯ ಪಾಂಪ್ಲೆಟ್ಟು. ಮೊದಲೆಲ್ಲ ಒಂದು ಮದುವೆಗೆ 800, 1000 ಕಾರ್ಡು ಹಾಕಿಸುತ್ತಿದ್ದರು. ಆಮೇಲಾಮೇಲೆ ದೇವರ ಮುಂದೆ ಇಡೋಕೆ, ಹತ್ತಿರದ ನೆಂಟರಿಗೆ ಕೊಡೋಕೆ ಅಂತ 100 ಕಾರ್ಡು. ಮಿಕ್ಕವರಿಗೆಲ್ಲ ವಾಟ್ಸಾಪು. ಆ ವಾಟ್ಸಾಪ್ ಕಾರ್ಡನ್ನೂ ನಾನೇ ಮಾಡಿಕೊಡುತ್ತಿದ್ದೆ, ಅದು ಬೇರೆ ಮಾತು. 2024ರ ದೀಪಾವಳಿ ಕಳೆದ ಮೇಲೆ ಯಜಮಾನರು ಕರೆದು 'ಮುಂದಿನ ತಿಂಗಳಿಂದ ಅರ್ಧ ದಿನ ಬಂದ್ರೆ ಸಾಕಪ್ಪ' ಅಂದರು. ಅರ್ಧ ದಿನ ಅಂದರೆ ಅರ್ಧ ಸಂಬಳ. ನನಗಾಗ 37 ವರ್ಷ.

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಆರು ಚಕ್ರದ ಎರಡು ಲಾರಿ ಇವೆ. ಇಲ್ಲಿಂದ ಮುಸುಕಿನ ಜೋಳ, ಆಲೂಗಡ್ಡೆ ತುಂಬಿಕೊಂಡು ಮಂಗಳೂರು ಕಡೆ ಇಳಿಯುತ್ತವೆ. ಬರುವಾಗ ಪಣಂಬೂರಿನಿಂದ ಗೊಬ್ಬರ. ಒಂದು ಗಾಡಿಯ ಡ್ರೈವರ್ ಹಬ್ಬಕ್ಕೆ ಊರಿಗೆ ಹೋದವನು ವಾಪಸ್ ಬಂದಿರಲಿಲ್ಲ. 'ನೀನು ಹೆವಿ ಲೈಸೆನ್ಸ್ ಮಾಡಿಸ್ಕೊಂಡು ಬಾ ಕಣಯ್ಯ, ಮಿಕ್ಕಿದ್ದು ನಾನು ನೋಡ್ಕೋತೀನಿ' ಅಂದರು ಭಾವ. ಅವರು ಸ್ಕೂಲಿನಲ್ಲಿ ಕಲಿತವರಲ್ಲ. ಆರು ವರ್ಷ ಕ್ಲೀನರ್ ಆಗಿದ್ದು, ರಾತ್ರಿ ಹೊತ್ತು ಖಾಲಿ ಗಾಡಿ ಸಿಕ್ಕಾಗ ಡ್ರೈವರ್ ಕೈಕಾಲು ಹಿಡಿದು ಕಲಿತವರು. ಆ ದಾರಿ 37 ವರ್ಷದವನಿಗೆ, ಇಬ್ಬರು ಮಕ್ಕಳ ಅಪ್ಪನಿಗೆ, ಆಗಿಬರೋದಿಲ್ಲ. ಹಾಗಾಗಿ ಸ್ಕೂಲು.

ಪಕ್ಕದ ಮನೆಯವರೊಬ್ಬರು 'ಸ್ಕೂಲೂ ಬೇಡ ಏನೂ ಬೇಡ, ಕಾರ್ ಲೈಸೆನ್ಸಲ್ಲೇ ಲಾರಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ' ಅಂದರು. ಅರ್ಧ ನಿಜ. 2024ರ ನವೆಂಬರಿನಲ್ಲಿ ಅಂಥದ್ದೊಂದು ತೀರ್ಪು ಬಂದಿತ್ತು. ಆದರೆ ಅದು ಒಟ್ಟು ತೂಕ 7,500 ಕೆಜಿ ಒಳಗಿರುವ ಗಾಡಿಗೆ. ಟಾಟಾ 407ರಂಥ ಸಣ್ಣ ಲಾರಿ ಓಡಿಸಬಹುದು. ಭಾವನ ಆರು ಚಕ್ರದ ಗಾಡಿ ಲೋಡ್ ಆದರೆ 18.5 ಟನ್. ಅದಕ್ಕೆ ಹೆವಿ ಲೈಸೆನ್ಸೇ ಬೇಕು. ಇಲ್ಲದಿದ್ದರೆ ಏನಾದರೂ ಆದ ದಿನ ಇನ್ಶೂರೆನ್ಸ್‌ನವರು ಮೊದಲು ಕೇಳೋದೇ ಡ್ರೈವರ್ ಲೈಸೆನ್ಸು. ಭಾವ ಈ ವಿಷಯದಲ್ಲಿ ಬಹಳ ಖಡಕ್ಕು.

ಮನೆಯಲ್ಲಿ ಒಪ್ಪಿಸೋದು ಬೇರೆಯೇ ಕೆಲಸವಾಯಿತು. 2024ರ ಜನವರಿಯಲ್ಲಿ ದೇಶದ ತುಂಬ ಲಾರಿ ಡ್ರೈವರ್‌ಗಳು ಗಾಡಿ ನಿಲ್ಲಿಸಿ ಮುಷ್ಕರ ಮಾಡಿದ್ದು ನನ್ನ ಹೆಂಡತಿಗೆ ಚೆನ್ನಾಗಿ ನೆನಪಿತ್ತು. 'ಆಕ್ಸಿಡೆಂಟ್ ಆದ್ರೆ ಹತ್ತು ವರ್ಷ ಜೈಲಂತಲ್ರೀ' ಅಂದಳು. ಗುದ್ದಿ, ಯಾರಿಗೂ ತಿಳಿಸದೆ ಓಡಿಹೋದರೆ ಅಂತ ಇರೋದು, ಆ ಕಲಮನ್ನೂ ಹೊಸ ಕಾನೂನು ಜಾರಿಯಾದಾಗ ತಡೆಹಿಡಿದಿದ್ದಾರೆ ಅಂತ ಹೇಳಿದೆ. ಅವಳಿಗೆ ಕಾನೂನು ಬೇಕಿರಲಿಲ್ಲ. 'ಸರಿಯಾಗಿ ಕಲಿತುಕೊಂಡು ಓಡಿಸ್ತೀರಾ ಅಂದ್ರೆ ಹೋಗಿ' ಅಂದಳು. ಸ್ಕೂಲು ಹುಡುಕುವಾಗ ನಾನು ಇಷ್ಟೊಂದು ತಲೆ ಕೆಡಿಸಿಕೊಂಡಿದ್ದಕ್ಕೆ ಆ ಒಂದು ಮಾತೇ ಕಾರಣ.

ಈಗ ಹೀರೇಬಳ್ಳಿ ಸ್ಕೂಲಿಗೆ ಬರೋಣ. ಎಲ್ಲಾ ಸೇರಿ 7,500 ರೂಪಾಯಿ ಅಂದರು. ಎಲ್ಲಾ ಅಂದರೆ ಎಲ್‌ಎಲ್ (ಕಲಿಯುವವರಿಗೆ ಮೊದಲು ಕೊಡುವ ಲೈಸೆನ್ಸು), ಡಾಕ್ಟರ್ ಸರ್ಟಿಫಿಕೇಟ್, ಫಾರಂ 5, ಟೆಸ್ಟ್ ಫೀಸು. ಫಾರಂ 5 ಅಂದರೆ 'ಇವರು ನಮ್ಮ ಸ್ಕೂಲಲ್ಲಿ ಕಲಿತಿದ್ದಾರೆ' ಅಂತ ಸ್ಕೂಲು ಕೊಡುವ ಸರ್ಟಿಫಿಕೇಟು. ಕಾರಿಗೆ ನೀವು ಅಪ್ಪನ ಹತ್ತಿರ ಕಲಿತರೂ ನಡೆಯುತ್ತದೆ. ಲಾರಿ, ಬಸ್ಸಿಗೆ ಇದಿಲ್ಲದೆ ಆಗುವುದಿಲ್ಲ. 'ಕ್ಲಾಸು ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ' ಅಂತ ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. 'ಸಾರ್, ನಿಮಗೆ ಲೈಸೆನ್ಸ್ ಬೇಕು ಅಲ್ವಾ?' ಅಂದರು.

ಅಷ್ಟಕ್ಕೇ ಬಿಡಲಿಲ್ಲ. 'ಈಗ ಹೊಸ ರೂಲ್ಸು, ಆರ್‌ಟಿಒ ಟೆಸ್ಟೇ ಇಲ್ಲ, ನಾವೇ ಪಾಸ್ ಮಾಡಿ ಕೊಡ್ತೀವಿ' ಅಂತಲೂ ಸೇರಿಸಿದರು. ಈ ಸುದ್ದಿ 2024ರ ಬೇಸಿಗೆಯಲ್ಲಿ ಎಲ್ಲರ ಮೊಬೈಲಲ್ಲೂ ಓಡಾಡಿತ್ತು. ಮನೆಗೆ ಬಂದು ನೋಡಿದರೆ ಸಂಗತಿ ಬೇರೆ. ಸರ್ಕಾರದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳು ಅಂತ ಇವೆ, ಅವುಗಳ ನಿಯಮ 2021ರ ಜುಲೈನಿಂದಲೇ ಇದೆ. ಅಲ್ಲಿ ಕಲಿತು ಪಾಸಾದರೆ ಆರ್‌ಟಿಒ ಟೆಸ್ಟಿಂದ ವಿನಾಯಿತಿ ಹೌದು. ಆದರೆ ಹೆವಿ ಕಲಿಸುವ ಅಂಥ ಕೇಂದ್ರಕ್ಕೆ 2 ಎಕರೆ ಜಾಗ, ಸಿಮ್ಯುಲೇಟರ್, ಟೆಸ್ಟ್ ಟ್ರ್ಯಾಕ್ ಇರಬೇಕು. ಕೋರ್ಸು 6 ವಾರ, 38 ಗಂಟೆ. ನಾನು ಕೂತಿದ್ದ ಸ್ಕೂಲು ಒಂದು ಜೆರಾಕ್ಸ್ ಅಂಗಡಿಯ ಪಕ್ಕದ ಮಳಿಗೆಯಲ್ಲಿತ್ತು. 2 ಎಕರೆ ಬಿಡಿ, ಎರಡು ಬೈಕ್ ನಿಲ್ಲಿಸೋಕೂ ಜಾಗ ಇರಲಿಲ್ಲ.

ಆದರೂ ಸುಳ್ಳು ಹೇಳಲ್ಲ, ಮನಸ್ಸು ಅಲ್ಲಾಡಿತು. 7,500ಕ್ಕೆ ಕಾಗದ ಸಿಗುತ್ತೆ, ಓಡಿಸೋದನ್ನ ಭಾವ ಕಲಿಸ್ತಾರೆ, ಆಗೋಯ್ತಲ್ಲ ಅನ್ನಿಸಿತು. ರಾತ್ರಿ ಭಾವನಿಗೆ ಫೋನ್ ಮಾಡಿ ಹೇಳಿದೆ. ಅವರು ಬಯ್ಯಲಿಲ್ಲ. 'ಪೆನ್ನು ಪೇಪರ್ ತಗೋ' ಅಂದರು. ಪ್ರೆಸ್ಸಿನಿಂದ ತಂದಿದ್ದ ಹಳೇ ಲಗ್ನಪತ್ರಿಕೆಯೊಂದರ ಹಿಂದೆ ಬರೆದುಕೊಂಡೆ. 'ರೂಲ್ಸ್ ಪ್ರಕಾರ ಎಷ್ಟು ಗಂಟೆ ಓಡಿಸಬೇಕು?' 15 ಗಂಟೆ, ಒಟ್ಟು 30 ದಿನದ ಕೋರ್ಸು. 'ಕಲಿಯೋನು ಗಂಟೆಗೆ 20 ಕಿಲೋಮೀಟರ್ ಓಡಿಸ್ತಾನೆ ಅಂದ್ಕೋ. ಎಷ್ಟಾಯ್ತು?' 300. 'ಹಳೇ ಗಾಡಿ, ಹೊಸಬ, ಗಂಟೆಗೆ ಇಪ್ಪತ್ತು ಸಲ ನಿಲ್ಲಿಸ್ತಾನೆ. ಲೀಟರಿಗೆ ನಾಲ್ಕು ಕೊಡುತ್ತೆ.' 75 ಲೀಟರ್. ಡೀಸೆಲ್ಲು 90 ರೂಪಾಯಿ ಆಸುಪಾಸು. 6,750 ಆಯಿತು.

'ಅವನು ಕೇಳಿದ್ದೆಷ್ಟು?'

7,500.

'ಅದರಲ್ಲಿ ಆರ್‌ಟಿಒ ಫೀಸು, ಡಾಕ್ಟರ್ ಫೀಸು, ಕಲಿಸೋನ ಸಂಬಳ, ಅವನ ಲಾಭ. ಗಾಡಿ ಅಲ್ಲಾಡೋದೇ ಇಲ್ಲ ಅಂತಾಯ್ತಲ್ಲಯ್ಯ' ಅಂದರು ಭಾವ. ಗಾಡಿ ಅಲ್ಲಾಡಿದ್ದರೆ ಬಳ್ಳಿ ಹೇಗೆ ಹಬ್ಬುತ್ತಿತ್ತು ಅಂತ ನನಗೂ ಆಗಲೇ ಹೊಳೆದದ್ದು.

ಎರಡನೇ ಸ್ಕೂಲು ನೋಡೋಕೆ ಚೆನ್ನಾಗಿತ್ತು. ದೊಡ್ಡ ಬೋರ್ಡು, ಗೋಡೆ ತುಂಬ ಸಿಗ್ನಲ್ ಚಿತ್ರ, ಬಣ್ಣ ಹೊಡೆದ ಲಾರಿ. 12,000 ಅಂದರು. 'ಒಂದು ದಿನ ಬಂದು ನೋಡ್ತೀನಿ, ಆಮೇಲೆ ಸೇರ್ತೀನಿ' ಅಂದೆ. ಆಯ್ತು ಅಂದರು. ಬೆಳಿಗ್ಗೆ ಆರಕ್ಕೆ ಹೋದೆ. ಕ್ಯಾಬಿನ್ನಿನಲ್ಲಿ ಕಲಿಸುವವರು, ಓಡಿಸುವ ಹುಡುಗ, ನಾನು. ಹಿಂದೆ ಬಾಡಿಯಲ್ಲಿ ಐದು ಜನ ನಿಂತಿದ್ದರು, ಕುರಿ ತುಂಬಿದ ಹಾಗೆ. ಬೈಪಾಸಿನಲ್ಲಿ ನೇರ ಹೋಗೋದು, ಮುಂದೆ ಸಿಗುವ ಯು ಟರ್ನ್ ತಗೊಂಡು ನೇರ ಬರೋದು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಯು ಟರ್ನ್ ಬಂದಾಗ ಮಾತ್ರ ಕಲಿಸುವವರೇ ಕೈ ಹಾಕಿ ಸ್ಟೀರಿಂಗ್ ತಿರುಗಿಸುತ್ತಿದ್ದರು. ಅದು ಬಿಟ್ಟರೆ ಅವರು ಫೋನಿನಲ್ಲೇ ಇದ್ದರು. ಸ್ಕೂಲಿನ ಕಾರಿಗೆ ಇರುವಂತೆ ಲಾರಿಗೂ ಕಲಿಸುವವರ ಕಾಲಿನ ಹತ್ತಿರ ಇನ್ನೊಂದು ಬ್ರೇಕ್ ಇರಲೇಬೇಕು. ಬಗ್ಗಿ ನೋಡಿದೆ. ಪೆಡಲ್ ಇತ್ತು. ಅದಕ್ಕೆ ಜೋಡಿಸಬೇಕಾದ ರಾಡು ಇರಲಿಲ್ಲ.

ಲಗ್ನಪತ್ರಿಕೆಯ ಹಿಂದೆ ಮತ್ತೊಂದು ಲೆಕ್ಕ. ದಿನಕ್ಕೆ 10 ನಿಮಿಷ, ಭಾನುವಾರ ಬಿಟ್ಟು 26 ದಿನ. 260 ನಿಮಿಷ. ನಾಲ್ಕೂಕಾಲು ಗಂಟೆ ಚಿಲ್ಲರೆ. ರಿವರ್ಸ್ ಸೊನ್ನೆ.

ಸಾರಿಗೆ ನಿಗಮದವರ ತರಬೇತಿಯನ್ನೂ ವಿಚಾರಿಸಿದೆ. ಶಿಸ್ತಿನ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಅಲ್ಲಿ ಬಸ್ಸು, ನನಗೆ ಬೇಕಾದದ್ದು ಲಾರಿ. ಲೈಸೆನ್ಸಿಗೆ ಅದೇನೂ ದೊಡ್ಡ ವಿಷಯ ಅಲ್ಲ, ಆದರೆ ನನಗೆ ಸರಿಹೊಂದುವ ಹೊತ್ತಿಗೆ ಬ್ಯಾಚ್ ಸಿಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಬಿ.ಎಂ. ರಸ್ತೆಯ ಒಬ್ಬ ಪಂಕ್ಚರ್ ಅಂಗಡಿಯವರು. ಭಾವನ ಗಾಡಿಯ ಸ್ಟೆಪ್ನಿ ಕೊಡೋಕೆ ಹೋದಾಗ ಸುಮ್ನೆ ಮಾತಿಗೆ ಕೇಳಿದೆ, ಯಾವ ಸ್ಕೂಲು ಒಳ್ಳೇದು ಅಂತ. 'ಸ್ಕೂಲ್ ಗಾಡಿಯ ಮುಂದಿನ ಟೈರ್ ನೋಡಿ ಅಣ್ಣ' ಅಂದರು. ನಿಂತಲ್ಲೇ ಸ್ಟೀರಿಂಗ್ ತಿರುಗಿಸೋದು, ರಿವರ್ಸ್ ಹಾಕೋದು, ಹೊಸಬರು ಇದನ್ನೇ ನೂರಾರು ಸಲ ಮಾಡುತ್ತಾರೆ. ಹಾಗಾಗಿ ನಿಜವಾಗಿ ಕಲಿಸುವ ಗಾಡಿಯ ಮುಂದಿನ ಟೈರಿನ ಅಂಚು ಬೇಗ ಸವೆಯುತ್ತದೆ. ಅಂಥ ಟೈರು ತರುವವರು ಒಬ್ಬರಿದ್ದಾರೆ ಅಂತ ಹೇಳಿ, ಬಸ್ಸಿನಲ್ಲಿ ಒಂದು ಗಂಟೆ ದೂರದ ಊರಿನ ಹೆಸರು ಹೇಳಿದರು. ಆರ್‌ಟಿಒ ಏಜೆಂಟುಗಳು, ಸ್ಕೂಲಿನವರು, ಗೆಳೆಯರು, ಯಾರೂ ಕೊಡದ ಮಾಹಿತಿ ಇದು.

ಆ ಸ್ಕೂಲಿಗೆ ಸರಿಯಾದ ಬೋರ್ಡೂ ಇರಲಿಲ್ಲ. ಹಳೇ ಟಾಟಾ 1613 ಗಾಡಿ, ಬಾಗಿಲಿಗೆ ಹಗ್ಗ ಕಟ್ಟಿದ್ದರು. ಟೈರ್ ನೋಡಿದೆ, ಅಂಚು ಸವೆದಿತ್ತು. ಕಲಿಸುವವರು ಸಾರಿಗೆ ನಿಗಮದಲ್ಲಿ ಡ್ರೈವರ್ ಆಗಿ ರಿಟೈರ್ ಆದವರು, ಎಲ್ಲರೂ ಮೇಷ್ಟ್ರು ಅಂತ ಕರೆಯುತ್ತಿದ್ದರು. ನಾನು ಧೈರ್ಯ ಮಾಡಿ 'ಫಾರಂ 15 ರಿಜಿಸ್ಟರ್ ತೋರಿಸ್ತೀರಾ' ಅಂತ ಕೇಳಿದೆ. ಯಾರು ಯಾವತ್ತು ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ ಓಡಿಸಿದರು ಅಂತ ಬರೆಯುವ ಪುಸ್ತಕ ಅದು, ಸ್ಕೂಲುಗಳು ಇಡಲೇಬೇಕು. ಮೇಷ್ಟ್ರು ಕನ್ನಡಕ ಏರಿಸಿ ನನ್ನನ್ನು ನೋಡಿದರು. 'ನೀವೇನು ಇನ್‌ಸ್ಪೆಕ್ಟರ್ ಕಡೆಯವರಾ?' ಅಂದರು. ಆದರೂ ತೋರಿಸಿದರು. ದಿನಕ್ಕೊಂದು ಪೆನ್ನಿನ ಬಣ್ಣ, ಅಲ್ಲಲ್ಲಿ ಗ್ರೀಸಿನ ಬೆರಳಚ್ಚು. ಒಂದೇ ದಿನ ಕೂತು ತುಂಬಿಸಿದ ಪುಸ್ತಕ ಹೇಗಿರುತ್ತೆ ಅಂತ ಪ್ರೆಸ್ಸಿನಲ್ಲಿದ್ದ ನನಗೆ ಗೊತ್ತಾಗದೇ ಇರುತ್ತಾ.

17,000 ರೂಪಾಯಿ, ಎರಡು ಕಂತು. ಒಂದು ಬ್ಯಾಚಿಗೆ ಮೂರೇ ಜನ. ಬೆಳಿಗ್ಗೆ ಎರಡು ಗಂಟೆ, ಒಬ್ಬೊಬ್ಬರಿಗೆ 40 ನಿಮಿಷ. 26 ದಿನಕ್ಕೆ 17 ಗಂಟೆ ದಾಟುತ್ತದೆ. ದುಡ್ಡು ಜಾಸ್ತಿ ಅನ್ನಿಸಿತು. ಲೆಕ್ಕ ಮಾತ್ರ ಸರಿ ಬಂತು. ಸೇರಿದೆ.

ಮೊದಲ ಮೂರು ದಿನ ಮೇಷ್ಟ್ರು ಸೀಟಿಗೇ ಹತ್ತಿಸಲಿಲ್ಲ. ಕೈಗೊಂದು ಕಬ್ಬಿಣದ ರಾಡು ಕೊಟ್ಟು ಲಾರಿ ಸುತ್ತ ಟೈರ್ ಬಡಿಯೋಕೆ ಹೇಳಿದರು. ಹಿಂದೆ ಜೋಡಿ ಟೈರಲ್ವಾ, ಒಳಗಿನದ್ದರಲ್ಲಿ ಗಾಳಿ ಕಮ್ಮಿಯಾಗಿದ್ದರೆ ಕಣ್ಣಿಗೆ ಕಾಣೋದಿಲ್ಲ. ಶಬ್ದದಲ್ಲೇ ತಿಳಿಯಬೇಕು. ಗಾಳಿ ಇದ್ದರೆ 'ಟಣ್' ಅಂತ ರಾಡು ಎಗರುತ್ತದೆ. ಇಲ್ಲದಿದ್ದರೆ 'ದಬ್'. 17,000 ಕೊಟ್ಟು ಟೈರ್ ಬಡಿಯೋಕೆ ಬಂದೆನಾ ಅಂತ ಅನ್ನಿಸಿದ್ದು ನಿಜ.

ಆಮೇಲೆ ಗಾಳಿ ಬ್ರೇಕು. ಕಾರಿನಲ್ಲಿ ಕೀ ತಿರುಗಿಸಿ ಹೊರಡೋದು ಅಭ್ಯಾಸ. ಇಲ್ಲಿ ಇಂಜಿನ್ ಶುರು ಮಾಡಿ ಕಾಯಬೇಕು. ಗಾಳಿಯ ಒತ್ತಡ ತೋರಿಸುವ ಮುಳ್ಳು ಮೇಲೆ ಏರಬೇಕು, ಬಜರ್ ನಿಲ್ಲಬೇಕು, ಆಗಲೇ ಹ್ಯಾಂಡ್ ಬ್ರೇಕ್ ಬಿಡೋದು. ಮತ್ತೆ ಹಾಕಿದಾಗ 'ಟುಸ್ಸ್' ಅಂತ ಗಾಳಿ ಹೋಗುವ ಶಬ್ದ. ಇಳಿಜಾರಿನಲ್ಲಿ ಬ್ರೇಕ್ ಪದೇ ಪದೇ ತುಳಿದರೆ ಆ ಗಾಳಿ ಖಾಲಿಯಾಗುತ್ತಾ ಬರುತ್ತದೆ, ಚಕ್ರದೊಳಗಿನ ಬ್ರೇಕ್ ಡ್ರಮ್ಮೂ ಬಿಸಿಯಾಗುತ್ತದೆ. ಅದಕ್ಕೇ ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಡೀಸೆಲ್ ಉಳಿಸೋಕೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರನ್ನು ನೆನೆದರೆ ಮೇಷ್ಟ್ರಿಗೆ ಕೆಂಡದಂಥ ಸಿಟ್ಟು. 'ಐವತ್ತು ರೂಪಾಯಿ ಡೀಸೆಲ್ ಉಳಿಸೋಕೆ ಹೋಗಿ ಗಾಡಿನೇ ಕಣಿವೇಲಿ ಬಿಟ್ಟು ಬರ್ತವೆ' ಅನ್ನುತ್ತಿದ್ದರು.

ತಿರುವು ನನಗೆ ಬಹಳ ದಿನ ಕೈಗೆ ಹತ್ತಲಿಲ್ಲ. ಕಾರಿನಲ್ಲಿ ಮುಂದಿನ ಚಕ್ರ ನಮ್ಮ ಕಾಲಿಗಿಂತ ಮುಂದಿರುತ್ತದೆ. ಲಾರಿಯಲ್ಲಿ ನಾವೇ ಹೆಚ್ಚುಕಮ್ಮಿ ಚಕ್ರದ ಮೇಲೆ ಕೂತಿರುತ್ತೇವೆ. ಕಾರಿನ ಲೆಕ್ಕದಲ್ಲಿ ಬೇಗ ತಿರುಗಿಸಿದರೆ ಮುಂಭಾಗ ಸಲೀಸಾಗಿ ಹೋಗುತ್ತದೆ, ಹಿಂದಿನ ಚಕ್ರ ಒಳಕ್ಕೆ ಕತ್ತರಿಸಿಕೊಂಡು ಫುಟ್‌ಪಾತ್ ಹತ್ತುತ್ತದೆ. ರಸ್ತೆ ದಾಟಿ ಎದುರಿನ ಮನೆಗೇ ನುಗ್ಗುತ್ತಿದ್ದೀವೇನೋ ಅನ್ನಿಸಿದ ಮೇಲೆ ತಿರುಗಿಸಬೇಕು. ಒಂಬತ್ತನೇ ದಿನ ನಾನು ಒಂದು ಎಳನೀರು ರಾಶಿಯ ಅಂಚನ್ನು ಹಿಂದಿನ ಚಕ್ರಕ್ಕೆ ಕೊಟ್ಟೆ. ನಾಲ್ಕು ಎಳನೀರು ಹೋಯಿತು. ಮೇಷ್ಟ್ರು ಅವರ ಕಾಲಿನ ಬ್ರೇಕ್ ಒತ್ತಿದ್ದರಿಂದ ನಾಲ್ಕೇ. ಆ ರಾಡು ಜೋಡಿಸದ ಪೆಡಲ್ ನೆನಪಾಗಿ ಮೈ ಬೆವೆತಿತು. ಎಳನೀರಿನವರಿಗೆ ದುಡ್ಡು ಕೊಟ್ಟು, ಒಡೆಯದೆ ಉಳಿದ ಒಂದನ್ನು ಮೂವರೂ ಹಂಚಿಕೊಂಡು ಕುಡಿದೆವು.

ಥಿಯರಿ ಕ್ಲಾಸು, ಬೋರ್ಡು, ಸಿಗ್ನಲ್ಲು ಅದೆಲ್ಲ ಇತ್ತು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಡಾಕ್ಟರ್ ಹತ್ತಿರ ಫಾರಂ 1ಎ, ಅಂದರೆ ಆರೋಗ್ಯದ ಸರ್ಟಿಫಿಕೇಟಿಗೆ ಹೋದಾಗ ಮಾತ್ರ ಒಂದು ಸಣ್ಣ ಶಾಕು. 14 ವರ್ಷ ಕಂಪ್ಯೂಟರ್ ನೋಡಿದ ಕಣ್ಣು, ದೂರದ ಅಕ್ಷರ ಮಂಜಾಗಿತ್ತು. ನನಗೆ ಗೊತ್ತೇ ಇರಲಿಲ್ಲ. ಕನ್ನಡಕ ಬಂತು. ಹಾಕಿಕೊಂಡು ಮಾರನೇ ದಿನ ಓಡಿಸಿದಾಗ ಕನ್ನಡಿಯಲ್ಲಿ ಹಿಂದಿನ ಬೈಕುಗಳು ಅಷ್ಟು ಸ್ಪಷ್ಟವಾಗಿ ಕಂಡಿದ್ದು ಅದೇ ಮೊದಲು. ಹೀರೇಬಳ್ಳಿ ಸ್ಕೂಲಿನವರ ಲೆಕ್ಕದಲ್ಲಿ ಈ ಡಾಕ್ಟರ್ ಸರ್ಟಿಫಿಕೇಟೂ 'ಎಲ್ಲಾ ಸೇರಿ' ಬರುತ್ತಿತ್ತು, ನಾನು ಡಾಕ್ಟರ ಮುಖವನ್ನೂ ನೋಡುತ್ತಿರಲಿಲ್ಲ.

ಎಲ್‌ಎಲ್ ಆಗಿ 30 ದಿನ ಕಳೆದ ಮೇಲೆ ಟೆಸ್ಟು. ಬ್ರೇಕ್ ಇನ್‌ಸ್ಪೆಕ್ಟರು ಮೊದಲು ಏರಿನಲ್ಲಿ ನಿಲ್ಲಿಸಿ ಹೊರಡಿಸಿದರು. ಹಿಂದೆ ಜಾರಲಿಲ್ಲ. ರಿವರ್ಸಿನಲ್ಲಿ ಎಡಗಡೆ ಕಂಬ ಬೀಳಿಸಿದೆ. ಫೇಲು. ಮತ್ತೆ ಹೋಗೋಕೆ 7 ದಿನ ಕಾಯಬೇಕು. ವಾಪಸ್ ಬರುವಾಗ ನಾನು ಮಾತೇ ಆಡಲಿಲ್ಲ. 'ಬಿದ್ದಿದ್ದು ಕಂಬ ತಾನೇ, ಮಗು ಅಲ್ವಲ್ಲ' ಅಂದರು ಮೇಷ್ಟ್ರು. ಆ ಏಳು ದಿನ ದುಡ್ಡು ತಗೊಳ್ಳದೆ ಬರೀ ರಿವರ್ಸ್ ಹಾಕಿಸಿದರು. ಕುತ್ತಿಗೆ ನೋವಿಗೆ ಮನೆಯಲ್ಲಿ ಬಿಸಿನೀರಿನ ಶಾಖ. ಎರಡನೇ ಸಲ ಪಾಸಾದೆ. ಲೈಸೆನ್ಸ್ ಕೈಗೆ ಬಂತು, 5 ವರ್ಷಕ್ಕೆ.

ಇಷ್ಟೆಲ್ಲ ಆದರೂ ಮೇಷ್ಟ್ರ ಸ್ಕೂಲಿನಲ್ಲೂ ಒಂದು ಇರಲಿಲ್ಲ, ಲೋಡು. ಸ್ಕೂಲ್ ಲಾರಿ ಯಾವಾಗಲೂ ಖಾಲಿ. ಖಾಲಿ ಲಾರಿ ಒಂದು ಗಾಡಿ, ತುಂಬಿದ ಲಾರಿ ಇನ್ನೊಂದು ಗಾಡಿ. ಮೊದಲ ಟ್ರಿಪ್ಪಿನಲ್ಲಿ ಭಾವ ಸಕಲೇಶಪುರದ ತನಕ ನನ್ನ ಕೈಗೆ ಕೊಟ್ಟು, ಶಿರಾಡಿ ಘಾಟಿ ಇಳಿಯೋಕೆ ಮುಂಚೆ ದೋಣಿಗಾಲಿನಲ್ಲಿ ಸ್ಟೀರಿಂಗ್ ತಗೊಂಡರು. ಆಲೂಗಡ್ಡೆ ತುಂಬಿದ ಗಾಡಿ ಬ್ರೇಕ್ ಒತ್ತಿದ ಮೇಲೂ ಎಷ್ಟು ದೂರ ನಮ್ಮನ್ನು ಕೇಳದೆ ಹೋಗುತ್ತೆ ಅನ್ನೋದು ಅವತ್ತು ಕಂಡೆ. ಬೇಜಾರಾಯಿತು, ಒಳಗೊಳಗೇ ಸಮಾಧಾನವೂ ಆಯಿತು. ಘಾಟಿ ನನ್ನ ಕೈಗೆ ಬಂದಿದ್ದು ಹನ್ನೊಂದನೇ ಟ್ರಿಪ್ಪಿಗೆ. ಘಾಟಿಯ ಕೆಳಗಿನ ಗುಂಡ್ಯ ತಲುಪುವ ತನಕ ಭಾವ ಒಂದು ಮಾತೂ ಆಡಲಿಲ್ಲ. ಇಳಿದು ಟೈರಿನ ಹತ್ತಿರ ಹೋಗಿ ಡ್ರಮ್ಮಿನ ಮೇಲೆ ನೀರು ಚಿಮುಕಿಸಿ ನೋಡಿದರು. 'ಚುಯ್' ಅನ್ನಲಿಲ್ಲ. 'ಕಾಫಿ ಕುಡಿಯೋಣ ಬಾ' ಅಂದರು.

ಅವತ್ತೇ ಪಣಂಬೂರಿನಲ್ಲಿ ಗೊಬ್ಬರ ಲೋಡ್ ಆಗುವ ಹೊತ್ತಿಗೆ ಮೋಡ ಕವಿಯಿತು. ಟಾರ್ಪಾಲ್ ಹೊದಿಸಿ ಹಗ್ಗ ಬಿಗಿಯಬೇಕು. ಭಾವ ಆಫೀಸಿಗೆ ಬಿಲ್ ತರೋಕೆ ಹೋಗಿದ್ದರು. ನಾನು ಕಟ್ಟಿದ ಗಂಟು ಎಳೆದ ಕೂಡಲೇ ಜಾರಿತು. ಇನ್ನೊಂದು ಕಟ್ಟಿದೆ, ಅದು ಎಷ್ಟು ಬಿಗಿಯಾಯಿತು ಅಂದರೆ ಬಿಚ್ಚೋಕೇ ಬರಲಿಲ್ಲ. ಪಕ್ಕದ ಲಾರಿಯ ಕ್ಲೀನರ್ ಹುಡುಗ ಇದನ್ನೆಲ್ಲ ನೋಡುತ್ತಾ ನಿಂತಿದ್ದ. 'ಅಣ್ಣಾ, ಡ್ರೈವರಾ ನೀವು?' ಅಂದ. ಹೌದಪ್ಪ, ಸ್ಕೂಲಲ್ಲಿ ಇದನ್ನ ಹೇಳಿಕೊಡಲಿಲ್ಲ ಅಂದೆ. ಅವನಿಗೆ ನಗು ತಡೆಯೋಕಾಗಲಿಲ್ಲ. 'ಇದಕ್ಕೂ ಸ್ಕೂಲಾ?' ಅಂತ ಹತ್ತಿರ ಬಂದು, ಹಗ್ಗ ಮಡಚಿ, ಒಂದು ಸುತ್ತು ತಿರುವಿ, ಕೊಕ್ಕೆಗೆ ಸಿಕ್ಕಿಸಿ, ಕಾಲು ಕೊಟ್ಟು ಎಳೆದು ತೋರಿಸಿದ. ಬಿಚ್ಚಿ ನನ್ನ ಕೈಗೆ ಕೊಟ್ಟ. ಮೂರನೇ ಸಲಕ್ಕೆ ಗಂಟು ನಿಂತಿತು. ಅಷ್ಟರಲ್ಲಿ ಮಳೆ ಹನಿ ಶುರುವಾಗಿ, ನಾವಿಬ್ಬರೂ ಲಾರಿಯ ಆ ಕಡೆಗೆ ಓಡಿದೆವು.